ಜಪಾನಿನಲ್ಲಿ ಆಳುವವರು ನಿಜಕ್ಕೂ ಬದಲಾದರೇ, ಹೆಸರು ಮಾತ್ರ ಬದಲಾಯಿತೇ?

ತುಂಗಾತೀರ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಈಚೆಗೆ ಜಪಾನಿನ ಆಧುನಿಕ ಇತಿಹಾಸ ಓದುತ್ತಿದ್ದೇನೆ. ಓದಿದಷ್ಟೂ ಒಂದು ಸಂಶಯ ಬಲವಾಗುತ್ತಿದೆ. ಅಲ್ಲಿ ದೊಡ್ಡ ತಿರುವು ಬಂದಾಗಲೆಲ್ಲ ಅದಕ್ಕೊಂದು ಚೆಂದದ ಹೆಸರು ಸಿಗುತ್ತದೆ. ಆ ಹೆಸರಿಗೂ ನಡೆದದ್ದಕ್ಕೂ ತಾಳೆಯೇ ಆಗುವುದಿಲ್ಲ.

1868ರಲ್ಲಿ ತೊಕುಗಾವಾ ಮನೆತನದ ಶೋಗುನರ (ಸೇನಾಧಿಪತಿ ದೊರೆಗಳ) ಆಡಳಿತ ಮುಗಿಯಿತು, ಚಕ್ರವರ್ತಿಗೆ ಅಧಿಕಾರ ಮರಳಿತು ಅಂತ ಶಾಲೆಯಲ್ಲಿ ಓದಿದ್ದೇವೆ. ಆಗ ಮೇಜಿ ಚಕ್ರವರ್ತಿಗೆ ವಯಸ್ಸು 15. ಆಳಿದ್ದು ಮುಖ್ಯವಾಗಿ ಸಾತ್ಸುಮಾ ಮತ್ತು ಚೋಶೂ ಎಂಬ ಎರಡು ಸಂಸ್ಥಾನಗಳ ಸಮುರಾಯ್‌ಗಳು. 1918ರಲ್ಲಿ ಹಾರಾ ತಕಾಶಿ ಪ್ರಧಾನಿಯಾದಾಗ 'ಜನಸಾಮಾನ್ಯ ಪ್ರಧಾನಿ' ಅಂತ ಕೊಂಡಾಡಿದರು. ಅವರ ಅಜ್ಜ ಮೊರಿಯೊಕಾ ಸಂಸ್ಥಾನದ ಹಿರಿಯ ಮಂತ್ರಿ. 1955ರಲ್ಲಿ ಲಿಬರಲ್ ಡೆಮಾಕ್ರಟಿಕ್ ಪಕ್ಷ ಹುಟ್ಟಿತು. ಎರಡೇ ವರ್ಷಕ್ಕೆ ಆ ಪಕ್ಷದಿಂದ ಪ್ರಧಾನಿಯಾದ ಕಿಶಿ ನೊಬುಸುಕೆ, 1941ರಲ್ಲಿ ಅಮೆರಿಕದ ಮೇಲೆ ಯುದ್ಧ ಶುರುಮಾಡಿದ ತೋಜೋ ಸಂಪುಟದಲ್ಲಿ ವಾಣಿಜ್ಯ ಮತ್ತು ಕೈಗಾರಿಕಾ ಮಂತ್ರಿಯಾಗಿದ್ದವರು.

ನನ್ನ ಪ್ರಶ್ನೆ ಇಷ್ಟೇ. ಈ ತಿರುವುಗಳಲ್ಲಿ ಯಾವುದರಲ್ಲಿ ನಿಜಕ್ಕೂ ಆಳುವ ಕೈಗಳು ಬದಲಾದವು? ಅದನ್ನು ಅಳೆಯುವುದು ಹೇಗೆ?

ಇತಿಹಾಸದ ಮೇಷ್ಟ್ರು

ಒಳ್ಳೆಯ ಪ್ರಶ್ನೆ. ಆದರೆ 1868ರಿಂದ ಶುರು ಮಾಡಬೇಡಿ. ಹೆಸರು ಒಬ್ಬರದು, ಕೆಲಸ ಇನ್ನೊಬ್ಬರದು ಅನ್ನುವ ಪದ್ಧತಿ ಅಲ್ಲಿ ಬಹಳ ಹಳೆಯದು.

ಹೇಯಾನ್ ಕಾಲದಲ್ಲಿ (8ರಿಂದ 12ನೇ ಶತಮಾನ) ಚಕ್ರವರ್ತಿಯ ಹೆಸರಲ್ಲಿ ಫುಜಿವಾರಾ ಮನೆತನದವರು ಆಳಿದರು. ತಮ್ಮ ಹೆಣ್ಣುಮಕ್ಕಳನ್ನು ಚಕ್ರವರ್ತಿಗೆ ಕೊಡುವುದು, ಮೊಮ್ಮಗ ಪಟ್ಟಕ್ಕೆ ಬಂದಾಗ ತಾತ ಆಡಳಿತ ನಡೆಸುವುದು. 1086ರಲ್ಲಿ ಶಿರಕಾವಾ ಚಕ್ರವರ್ತಿ ಪಟ್ಟ ಬಿಟ್ಟರು. ಬಿಟ್ಟ ಮೇಲೆಯೇ ಅವರಿಗೆ ಅಧಿಕಾರ ಜಾಸ್ತಿಯಾಯಿತು! ಆಮೇಲೆ ಕಾಮಾಕುರಾದಲ್ಲಿ ಶೋಗುನರು ಬಂದರು. 1219ರಲ್ಲಿ ಮೂರನೇ ಶೋಗುನ್ ಸಾನೆತೊಮೊ ಕೊಲೆಯಾದ. ಹೋಜೋ ಮನೆತನದವರು ಕ್ಯೋಟೋದಿಂದ ಒಬ್ಬ ಪುಟ್ಟ ಹುಡುಗನನ್ನು ಕರೆತಂದು ಆ ಹೆಸರಿಗೆ ಕೂರಿಸಿದರು. ಚಕ್ರವರ್ತಿಯ ಹೆಸರಲ್ಲಿ ಶೋಗುನ್, ಶೋಗುನನ ಹೆಸರಲ್ಲಿ ಹೋಜೋ. ಮುಂದೆ ಹೋಜೋ ಆಡಳಿತಾಧಿಕಾರಿಯ ಪದವಿಯೂ ಹೆಸರಿಗಷ್ಟೇ ಆಗಿ, ಆ ಮನೆತನದ ಯಜಮಾನನ ಕೈಯಲ್ಲಿ ಅಧಿಕಾರ ಉಳಿಯಿತು.

ಇಷ್ಟೆಲ್ಲ ಆದರೂ ಯಾರೂ ಮೇಲಿನ ಪದವಿಯನ್ನು ಕಿತ್ತು ಬಿಸಾಕಲಿಲ್ಲ. ಅದು ಗಮನಿಸಬೇಕಾದ ಸಂಗತಿ.

ಕೊಡಚಾದ್ರಿ

ಮೇಷ್ಟ್ರೇ, ಹಾಗಾದರೆ 1868ರಲ್ಲೂ ಅದೇ ಆಟ ಅಂತೀರಾ? ನಾನು ಒಪ್ಪುವುದಿಲ್ಲ.

ಇತೋ ಹಿರೊಬುಮಿ ಹುಟ್ಟಿದ್ದು ರೈತನ ಮನೆಯಲ್ಲಿ. ಅಪ್ಪ ಕೆಳದರ್ಜೆಯ ಕಾಲಾಳು ಸೈನಿಕನ ಮನೆಗೆ ದತ್ತು ಹೋದ ಮೇಲೆ ಮಗನೂ ಸಮುರಾಯ್ ವರ್ಗದ ಕೊನೆಯ ಮೆಟ್ಟಿಲಿಗೆ ಬಂದ. ಅಂಥವನು 1885ರಲ್ಲಿ ದೇಶದ ಮೊದಲ ಪ್ರಧಾನಿಯಾದ. ಸೇನೆಯನ್ನೇ ಕಟ್ಟಿದ ಯಾಮಾಗಾತಾ ಅರಿತೊಮೊ ಕೂಡ ಕೆಳದರ್ಜೆಯ ಮನೆಯವನೇ. ತೊಕುಗಾವಾ ಕಾಲದಲ್ಲಿ ಇವರು ತಮ್ಮ ದೊರೆಯ ಎದುರು ತಲೆ ಎತ್ತಿ ನಿಲ್ಲುವಂತಿರಲಿಲ್ಲ. ಇದನ್ನು 'ಅದೇ ಜನ' ಅಂದರೆ ಹೇಗೆ?

ತುಂಗಾತೀರ

ಸರಿ, ಆದರೆ ಆ ದೊರೆಗಳು ಎಲ್ಲಿ ಹೋದರು? ಬೀದಿಗೆ ಬಿದ್ದರಾ?

ಹಳೇ ಲೆಕ್ಕಪತ್ರ

ಬೀಳಲಿಲ್ಲ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿದವನು, ಹಾಗಾಗಿ ದುಡ್ಡಿನ ಕಡೆಯಿಂದ ಹೇಳುತ್ತೇನೆ.

1871ರಲ್ಲಿ ಸಂಸ್ಥಾನಗಳನ್ನು ರದ್ದು ಮಾಡಿ ಜಿಲ್ಲೆಗಳನ್ನು ಮಾಡಿದರು. ಹಳೆಯ ದೊರೆಗಳಿಗೆ ತಮ್ಮ ಸಂಸ್ಥಾನದ ಆದಾಯದ ಹತ್ತನೇ ಒಂದು ಭಾಗ ಸ್ವಂತ ಖರ್ಚಿಗೆ ಸಿಕ್ಕಿತು. ಸಂಸ್ಥಾನದ ಸಾಲ ಸರ್ಕಾರದ ತಲೆಗೆ ಹೋಯಿತು. ಕಾಲಾಳುಗಳಿಗೆ ಸಂಬಳ ಕೊಡುವ ತಲೆನೋವೂ ಇಲ್ಲ. ಎಷ್ಟೋ ದೊರೆಗಳ ಸ್ಥಿತಿ ಮೊದಲಿಗಿಂತ ಚೆನ್ನಾಯಿತು. 1876ರಲ್ಲಿ ಅವರ ವರ್ಷಾಶನವನ್ನು ಸರ್ಕಾರಿ ಬಾಂಡುಗಳಾಗಿ ಬದಲಿಸಿದರು. ಆ ಬಾಂಡುಗಳನ್ನೇ ಬಂಡವಾಳ ಮಾಡಿ 1877ರಲ್ಲಿ ಹದಿನೈದನೇ ರಾಷ್ಟ್ರೀಯ ಬ್ಯಾಂಕ್ ಕಟ್ಟಿದರು. ಜನ ಅದನ್ನು ಕುಲೀನರ ಬ್ಯಾಂಕ್ ಅಂತಲೇ ಕರೆಯುತ್ತಿದ್ದರು. 1881ರಲ್ಲಿ ಶುರುವಾದ ನಿಪ್ಪಾನ್ ರೈಲ್ವೆಗೂ ಇಲ್ಲಿನ ದುಡ್ಡು ಹೋಯಿತು.

ಅದೇ 1876ರಲ್ಲಿ ಸಾಮಾನ್ಯ ಸಮುರಾಯ್‌ಗೂ ಬಾಂಡು ಸಿಕ್ಕಿತು. ಆ ಬಡ್ಡಿಯಲ್ಲಿ ಅವನ ಸಂಸಾರ ನಡೆಯಲಿಲ್ಲ. ಕತ್ತಿ ಹಿಡಿದು ಓಡಾಡುವುದಕ್ಕೂ ಅದೇ ವರ್ಷ ನಿಷೇಧ. ಮರುವರ್ಷ ಸಾತ್ಸುಮಾದಲ್ಲಿ ಸಾಯಿಗೊ ತಕಾಮೊರಿ ದಂಗೆ ಎದ್ದದ್ದಕ್ಕೆ ಇದೂ ಒಂದು ಕಾರಣ.

ಅಂದರೆ ತುದಿಯಲ್ಲಿದ್ದವರು ಉಳಿದರು. ನಡುವಿನವರಲ್ಲಿ ಕೆಲವರು ಮೇಲೆ ಹೋದರು, ಬಹಳ ಜನ ಕೆಳಗೆ ಬಿದ್ದರು. ಎರಡೂ ನಿಜ.

ಇತಿಹಾಸದ ಮೇಷ್ಟ್ರು

ಸೊಗಸಾಗಿ ಹೇಳಿದಿರಿ. ಇದಕ್ಕೆ ಸೇರಿಸಿ: 1884ರಲ್ಲಿ ಐದು ದರ್ಜೆಯ ಕುಲೀನ ಪದವಿಗಳನ್ನು ಹೊಸದಾಗಿ ಮಾಡಿ ಸುಮಾರು 500 ಮನೆಗಳಿಗೆ ಹಂಚಿದರು. ಹಳೆಯ ದೊರೆಗಳು, ಕ್ಯೋಟೋ ಆಸ್ಥಾನದವರು, ಇತೋ ಥರದ ಹೊಸಬರು ಎಲ್ಲ ಒಂದೇ ಪಂಕ್ತಿಯಲ್ಲಿ. ಸೋತ ತೊಕುಗಾವಾ ಮನೆತನಕ್ಕೂ ಎಲ್ಲಕ್ಕಿಂತ ಮೇಲಿನ ದರ್ಜೆ ಸಿಕ್ಕಿತು. ಆ ಮನೆಯ ಯಜಮಾನ ತೊಕುಗಾವಾ ಇಯೆಸಾತೊ 1903ರಿಂದ 1933ರವರೆಗೆ ಕುಲೀನರ ಸಭೆಯ ಅಧ್ಯಕ್ಷ. ಕ್ರಾಂತಿಯಲ್ಲಿ ಸೋತವರು ಹೊಸ ಸಂಸತ್ತಿನ ಮೇಲ್ಮನೆಯಲ್ಲಿ 30 ವರ್ಷ ಅಧ್ಯಕ್ಷರು! ಈ ಪದವಿಗಳು ಹೋಗಿದ್ದು 1947ರ ಸಂವಿಧಾನ ಬಂದಾಗ.

ನೇತ್ರಾವತಿ

ನೀವೆಲ್ಲ ಮೇಲಿನವರ ಬಗ್ಗೆಯೇ ಮಾತಾಡುತ್ತಿದ್ದೀರಿ. ಕೆಳಗಿನವರಿಗೆ ಅಂಟಿಸಿದ ಹೆಸರುಗಳನ್ನೂ ನೋಡಿ.

1871ರಲ್ಲಿ ಒಂದು ಆಜ್ಞೆ ಬಂತು. ಚರ್ಮದ ಕೆಲಸ, ಹೆಣದ ಕೆಲಸ ಅಂತ ದೂರ ಇಟ್ಟಿದ್ದ ಜನರ ಹಳೆಯ ಜಾತಿಹೆಸರುಗಳು ರದ್ದು, ಇನ್ನು ಮೇಲೆ ಎಲ್ಲರೂ ಸಾಮಾನ್ಯ ಪ್ರಜೆಗಳು ಅಂತ. ಕಾಗದದಲ್ಲಿ ಸಮಾನತೆ ಬಂತು. ಊರಿನವರು ಅವರನ್ನು 'ಹೊಸ ಸಾಮಾನ್ಯರು' ಅಂತ ಕರೆಯತೊಡಗಿದರು. ಆ 'ಹೊಸ' ಅನ್ನುವುದೇ ಗುರುತಿನ ಚೀಟಿಯಾಯಿತು. 1872ರ ಕುಟುಂಬ ನೋಂದಣಿ ಪುಸ್ತಕಗಳಲ್ಲಿ ಹಲವು ಕಡೆ ಹಾಗೇ ಬರೆದರು. ಕೆಲವು ಹಳ್ಳಿಗಳಲ್ಲಿ ಈ ಆಜ್ಞೆಯ ವಿರುದ್ಧವೇ ಗಲಭೆ ಎದ್ದು ಅವರ ಮನೆಗಳನ್ನು ಸುಟ್ಟರು. ಜೊತೆಗೆ ಚರ್ಮದ ಕೆಲಸದ ಮೇಲೆ ಅವರಿಗಿದ್ದ ಏಕಸ್ವಾಮ್ಯವೂ ಹೋಯಿತು.

1922ರಲ್ಲಿ ಅವರೇ ಸೂಯಿಹೇಶಾ ಅನ್ನುವ ಸಂಘಟನೆ ಕಟ್ಟಿ ಹೋರಾಟಕ್ಕೆ ಇಳಿದರು. ಆ ಹಳೆಯ ನೋಂದಣಿ ಪುಸ್ತಕಗಳನ್ನು ಜನ ನೋಡದಂತೆ ಮುಚ್ಚಿದ್ದು 1968ರಲ್ಲಿ. 1975ರಲ್ಲಿ ಅವರ ಊರುಗಳ ಪಟ್ಟಿಯನ್ನು ಗುಟ್ಟಾಗಿ ಅಚ್ಚು ಹಾಕಿ ಕಂಪನಿಗಳಿಗೆ ಮಾರುತ್ತಿದ್ದದ್ದು ಬಯಲಾಯಿತು. ಕೆಲಸಕ್ಕೆ ಅರ್ಜಿ ಹಾಕಿದವರ ಊರು ನೋಡಿ ತಿರಸ್ಕರಿಸುವುದಕ್ಕೆ ಅಂತಲೇ ಆ ಪಟ್ಟಿ. ಆಜ್ಞೆ ಬಂದು 100 ವರ್ಷ ಕಳೆದ ಮೇಲಿನ ಮಾತು ಇದು. ಆಳುವವರ ಹೆಸರು ಸುಳ್ಳಾದರೆ ನಮಗೆ ಓದಲು ಕುತೂಹಲ. ಇಲ್ಲಿ ಹೆಸರು ಸುಳ್ಳಾದದ್ದಕ್ಕೆ ಜನ ಮದುವೆ, ಕೆಲಸ ಕಳೆದುಕೊಂಡರು.

ಕಾಫಿತೋಟ

ನೇತ್ರಾವತಿ ಅವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ.

ಕೊಡಚಾದ್ರಿ

ಹಾರಾ ತಕಾಶಿ ವಿಷಯಕ್ಕೆ ವಾಪಸ್ ಬರೋಣ. ತುಂಗಾತೀರ ಅವರು ಅಜ್ಜನ ಪದವಿ ನೋಡಿ ತೀರ್ಪು ಕೊಟ್ಟಂತಿದೆ. ಅದು ಅನ್ಯಾಯ. ಮೊರಿಯೊಕಾ ಸಂಸ್ಥಾನ 1868ರಲ್ಲಿ ಸೋತ ಪಕ್ಷದಲ್ಲಿತ್ತು. ಗೆದ್ದವರು ಈಶಾನ್ಯದವರನ್ನು ಎಷ್ಟು ಕೀಳಾಗಿ ನೋಡುತ್ತಿದ್ದರೆಂದರೆ, ಶಿರಕಾವಾ ಎಂಬ ಊರಿನಿಂದ ಉತ್ತರಕ್ಕೆ ಒಂದು ಬೆಟ್ಟಕ್ಕೆ ನೂರು ಕಾಸು ಅಂತ ಹಂಗಿಸುತ್ತಿದ್ದರು. ಹಾರಾ ಆ ಮಾತಿನಿಂದಲೇ 'ಒಂದು ಬೆಟ್ಟ' ಅಂತ ತನ್ನ ಕಾವ್ಯನಾಮ ಇಟ್ಟುಕೊಂಡ. ಕುಲೀನ ಪದವಿ ಬೇಡ ಅಂದ. ಸಂಸತ್ತಿನ ಕೆಳಮನೆಯಲ್ಲಿ ಕೂತು ಪ್ರಧಾನಿಯಾದವರಲ್ಲಿ ಅವನೇ ಮೊದಲಿಗ. ಇದು ಸಣ್ಣ ಮಾತಾ?

ಇತಿಹಾಸದ ಮೇಷ್ಟ್ರು

ಸಣ್ಣ ಮಾತಲ್ಲ. ಆದರೆ ಅವನು 'ಸಾಮಾನ್ಯ'ನಾದದ್ದು ಹೇಗೆ ಅನ್ನುವುದನ್ನೂ ಹೇಳಬೇಕು. 1875ರಲ್ಲಿ ಅಣ್ಣನ ಮನೆಯಿಂದ ಬೇರೆಯಾಗಿ ತನ್ನದೇ ಮನೆ ಅಂತ ನೋಂದಾಯಿಸಿಕೊಂಡ. ಹಾಗಾಗಿ ದಾಖಲೆಯಲ್ಲಿ ಸಾಮಾನ್ಯ ಪ್ರಜೆ. ಆಗ ಮನೆಯ ಯಜಮಾನನಿಗೆ ಕಡ್ಡಾಯ ಸೈನ್ಯ ಸೇವೆಯಿಂದ ವಿನಾಯಿತಿ ಇತ್ತು.

ಇನ್ನು ಅವನ ಆಡಳಿತ. 1919ರಲ್ಲಿ ಮತದಾನಕ್ಕೆ ಬೇಕಾದ ತೆರಿಗೆಯನ್ನು 3 ಯೆನ್‌ಗೆ ಇಳಿಸಿದ. ಗಂಡಸರಿಗೆಲ್ಲ ಮತದಾನದ ಹಕ್ಕು ಕೊಡಿ ಅಂತ 1920ರಲ್ಲಿ ಬೀದಿಯಲ್ಲಿ ಜನ ಕೂಗುತ್ತಿದ್ದರು. ಅವನು ಒಪ್ಪದೆ ಸಂಸತ್ತನ್ನೇ ವಿಸರ್ಜಿಸಿದ. 1921ರಲ್ಲಿ ಟೋಕಿಯೋ ನಿಲ್ದಾಣದಲ್ಲಿ ಅವನ ಕೊಲೆಯಾಯಿತು. ಗಂಡಸರಿಗೆಲ್ಲ ಮತದಾನ ಬಂದದ್ದು 1925ರಲ್ಲಿ. ಅದೇ ವರ್ಷ ಭಿನ್ನಮತ ಹತ್ತಿಕ್ಕುವ ಶಾಂತಿಪಾಲನಾ ಕಾನೂನೂ ಬಂತು. ಆ ಕಾಲಕ್ಕೆ, ಆಗಿನ ತೈಶೋ ಚಕ್ರವರ್ತಿಯ ಹೆಸರು ಸೇರಿಸಿ, ಇಟ್ಟ ಹೆಸರು 'ತೈಶೋ ಪ್ರಜಾಪ್ರಭುತ್ವ'.

ಅರಳಿಕಟ್ಟೆ

ಇದೆಲ್ಲ ಓದಿದರೆ ನಮ್ಮ ರಾಜ್ಯದ ಕೆಲವು ಮನೆತನಗಳು ನೆನಪಾಗುತ್ತವೆ. ಅಪ್ಪ, ಮಗ, ಮೊಮ್ಮಗ...

ನಿರ್ವಾಹಕರು

ಇಲ್ಲಿ ಚರ್ಚೆ ಜಪಾನಿನ ಬಗ್ಗೆ. ನಮ್ಮ ರಾಜ್ಯದ ರಾಜಕೀಯಕ್ಕೆ ಬೇರೆ ವಿಭಾಗ ಇದೆ. ದಯವಿಟ್ಟು ಅಲ್ಲಿ ಬರೆಯಿರಿ.

ಬಸವನಗುಡಿ ವಾಸಿ

ನಿರ್ವಾಹಕರೇ, ಒಂದು ನಿಜವಾದ ನಂಟಿದೆ, ಅದನ್ನಾದರೂ ಹೇಳಲು ಬಿಡಿ. ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನಿಗೆ ಹೋಗಿ ಬಂದಿದ್ದರು. ಅಲ್ಲಿನ ಶಿಕ್ಷಣ, ಕೈಗಾರಿಕೆ ಅವರ ಮೇಲೆ ಬಹಳ ಪ್ರಭಾವ ಬೀರಿತು. ಬೆಂಗಳೂರಿನ ಟಾಟಾ ಸಿಲ್ಕ್ ಫಾರಂ ಬಡಾವಣೆಗೆ ಆ ಹೆಸರು ಬಂದದ್ದು ಜಮ್ಷೇಟ್‌ಜಿ ಟಾಟಾ ಅಲ್ಲಿ ಜಪಾನೀ ವಿಧಾನದಲ್ಲಿ ರೇಷ್ಮೆ ಸಾಕಣೆ ಶುರು ಮಾಡಿದ್ದರಿಂದ. ಆ ತಲೆಮಾರಿನ ನಮ್ಮವರಿಗೆ ಮೇಜಿ ಜಪಾನ್ ಅಂದರೆ ಏಷ್ಯಾದ ಗೆಲುವು. 1890ರ ಮೊದಲ ಚುನಾವಣೆಯಲ್ಲಿ ಅಲ್ಲಿ ಮತ ಹಾಕುವ ಹಕ್ಕು ಇದ್ದದ್ದು ಜನಸಂಖ್ಯೆಯ ಶೇ. 1ರಷ್ಟು ಮಂದಿಗೆ. ಆ ಕಡೆ ನಮ್ಮವರ ಗಮನ ಅಷ್ಟಾಗಿ ಹೋಗಲಿಲ್ಲ ಅನ್ನಿಸುತ್ತದೆ. ಹೆಸರು ದೂರದವರನ್ನೂ ನಂಬಿಸುತ್ತದೆ.

ಕಾಫಿತೋಟ

ಟಾಟಾ ಸಿಲ್ಕ್ ಫಾರಂ ಹಿಂದೆ ಇಷ್ಟು ಕತೆ ಇದೆಯಾ! ನಾನು ದಿನಾ ಅಲ್ಲೇ ಬಸ್ಸು ಹತ್ತುತ್ತೇನೆ.

ಯೊಕೊಹಾಮಾ ಕನ್ನಡಿಗ

ಇಲ್ಲಿ ಬಹಳ ವರ್ಷದಿಂದ ಇದ್ದೇನೆ. ಈಗಿನ ವಿಷಯ ಸ್ವಲ್ಪ ಹೇಳುತ್ತೇನೆ.

ಚುನಾವಣೆಗೆ ಗೆಲ್ಲಲು ಮೂರು 'ಬಾನ್' ಬೇಕು ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಜಿಬಾನ್ ಅಂದರೆ ಕ್ಷೇತ್ರದ ಬಲ, ಕನ್‌ಬಾನ್ ಅಂದರೆ ಹೆಸರು, ಕಬಾನ್ ಅಂದರೆ ದುಡ್ಡಿನ ಚೀಲ. ಮೂರೂ ಅಪ್ಪನಿಂದ ಮಗನಿಗೆ ಸರಾಗವಾಗಿ ಬರುತ್ತವೆ. ಅಪ್ಪನ ಬೆಂಬಲಿಗರ ಸಂಘ ಮಗನ ಸಂಘವಾಗುತ್ತದೆ. ರಾಜಕೀಯ ನಿಧಿಯನ್ನು ಸಂಘದಿಂದ ಸಂಘಕ್ಕೆ ದಾಟಿಸಿದರೆ ವಾರಸುದಾರಿಕೆ ತೆರಿಗೆ ಇಲ್ಲ.

ಇನ್ನೊಂದು, ಹೊರಗಿನವರಿಗೆ ಗೊತ್ತಿರುವುದಿಲ್ಲ. ಇಲ್ಲಿ ಸಂಸತ್ ಚುನಾವಣೆಯಲ್ಲಿ ಬಟನ್ ಒತ್ತುವುದಿಲ್ಲ, ಮುದ್ರೆ ಒತ್ತುವುದಿಲ್ಲ. ಅಭ್ಯರ್ಥಿಯ ಹೆಸರನ್ನು ಪೆನ್ಸಿಲ್‌ನಲ್ಲಿ ನಾವೇ ಬರೆಯಬೇಕು (ನನಗೆ ಮತ ಇಲ್ಲ, ಮನೆಯವರಿಗೆ ಇದೆ). ಅದಕ್ಕೇ ಅಭ್ಯರ್ಥಿಗಳು ಕಷ್ಟದ ಲಿಪಿ ಬಿಟ್ಟು ಸುಲಭದ ಹಿರಗಾನಾದಲ್ಲಿ ಹೆಸರನ್ನು ದೊಡ್ಡದಾಗಿ ಬರೆಸುತ್ತಾರೆ. ಪ್ರಚಾರದ ವ್ಯಾನು ಬೀದಿ ಬೀದಿಯಲ್ಲಿ ಹೆಸರನ್ನೇ ಕೂಗುತ್ತಾ ಹೋಗುತ್ತದೆ. 50 ವರ್ಷದಿಂದ ಬರೆದು ರೂಢಿಯಾದ ಮನೆತನದ ಹೆಸರಿಗೆ ಇಲ್ಲಿ ಎಷ್ಟು ಲಾಭ ಯೋಚಿಸಿ. ಆಳುವ ಪಕ್ಷದ ಸಂಸದರಲ್ಲಿ ಸುಮಾರು ಮೂರನೇ ಒಂದು ಭಾಗ ಮನೆತನದಿಂದ ಬಂದವರೇ ಅಂತ ಇಲ್ಲಿನ ಪತ್ರಿಕೆಗಳು ಬರೆಯುತ್ತಲೇ ಇರುತ್ತವೆ.

ಹಳೇ ಲೆಕ್ಕಪತ್ರ

ಪೆನ್ಸಿಲ್ ವಿಷಯ ಗೊತ್ತೇ ಇರಲಿಲ್ಲ. ಬಹಳ ಉಪಯುಕ್ತ ಮಾಹಿತಿ.

ತುಂಗಾತೀರ

1993 ಮತ್ತು 2009, ಈ ಎರಡು 'ಬದಲಾವಣೆ'ಗಳ ಬಗ್ಗೆ ಯಾರೂ ಹೇಳಲಿಲ್ಲ. 1993ರಲ್ಲಿ ಲಿಬರಲ್ ಡೆಮಾಕ್ರಟಿಕ್ ಪಕ್ಷದ 38 ವರ್ಷದ ಆಡಳಿತ ಮುರಿದು ಪ್ರಧಾನಿಯಾದವರು ಹೊಸೊಕಾವಾ ಮೊರಿಹಿರೊ. ಕುಮಾಮೊತೊ ಸಂಸ್ಥಾನದ ದೊರೆಗಳ ವಂಶದ ಯಜಮಾನ. ತಾಯಿಯ ತಂದೆ ಕೊನೋಯೆ ಫುಮಿಮಾರೊ, ಯುದ್ಧಕ್ಕೆ ಮುಂಚಿನ ಪ್ರಧಾನಿ. ಕೊನೋಯೆ ಅಂದರೆ ಮೇಷ್ಟ್ರು ಮೇಲೆ ಹೇಳಿದ ಅದೇ ಫುಜಿವಾರಾ ಕವಲು! 2009ರ ಚುನಾವಣೆಯಲ್ಲಿ ಸೋತ ಪ್ರಧಾನಿ ಆಸೋ ತಾರೊ, ಯುದ್ಧಾನಂತರದ ಪ್ರಧಾನಿ ಯೊಶಿದಾ ಶಿಗೆರು ಮೊಮ್ಮಗ. ಗೆದ್ದವರು ಹತೊಯಾಮಾ ಯುಕಿಯೊ, ಹತೊಯಾಮಾ ಇಚಿರೊ ಮೊಮ್ಮಗ. ಇಬ್ಬರ ತಾತಂದಿರೂ 1950ರ ದಶಕದಲ್ಲಿ ಅಧಿಕಾರಕ್ಕಾಗಿ ಹೊಡೆದಾಡಿದವರು. ಯೊಶಿದಾ ಹೆಂಡತಿಯ ತಂದೆ ಮಾಕಿನೊ ನೊಬುಆಕಿ. ಮಾಕಿನೊ ತಂದೆ 1868ರ ನಾಯಕ ಓಕುಬೊ ತೊಶಿಮಿಚಿ. ಸಾತ್ಸುಮಾದವರು. 141 ವರ್ಷ ಆದಮೇಲೂ ಅದೇ ದಾರ ಸಿಗುತ್ತದೆ.

ಕೊಡಚಾದ್ರಿ

ಇದನ್ನೇ ನಾನು ವಿರೋಧಿಸುವುದು. ಐದು ತಲೆಮಾರು ಹಿಂದಕ್ಕೆ ಹೋದರೆ ಯಾರ ಮನೆಯಲ್ಲೂ ಯಾರೋ ಒಬ್ಬರು ಸಿಗುತ್ತಾರೆ. ವಂಶವೃಕ್ಷ ತೋರಿಸಿ 'ಏನೂ ಬದಲಾಗಿಲ್ಲ' ಅನ್ನುವುದು ಕೂಡ ತಪ್ಪು ಹೆಸರೇ ಅಲ್ವಾ?

1946ರಲ್ಲಿ ಹೆಂಗಸರು ಮೊದಲ ಬಾರಿ ಮತ ಹಾಕಿ 39 ಮಹಿಳೆಯರು ಗೆದ್ದರು. ಭೂಸುಧಾರಣೆಯಲ್ಲಿ ಗೇಣಿದಾರರು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಜಮೀನಿನ ಒಡೆಯರಾದರು. ಯುದ್ಧಕ್ಕೆ ಮುಂಚೆ ಸುಮಾರು ಅರ್ಧ ಸಾಗುವಳಿ ಭೂಮಿ ಗೇಣಿಯಲ್ಲಿತ್ತು. ಸುಧಾರಣೆ ಮುಗಿದಾಗ ಅದು ಹತ್ತನೇ ಒಂದಕ್ಕೆ ಇಳಿದಿತ್ತು. ಊರಲ್ಲಿ ಇಲ್ಲದ ಭೂಮಾಲೀಕ ಎನ್ನುವ ವರ್ಗವೇ ಅಳಿಸಿಹೋಯಿತು. ಅದಕ್ಕಿಂತ ದೊಡ್ಡ ಬದಲಾವಣೆ ಬೇಕಾ? 1960ರಲ್ಲಿ ಅಮೆರಿಕದ ಜೊತೆಗಿನ ಒಪ್ಪಂದದ ವಿರುದ್ಧ ಜನ ಸಂಸತ್ತನ್ನು ಸುತ್ತುವರಿದರು. ಕಿಶಿ ರಾಜೀನಾಮೆ ಕೊಡಲೇಬೇಕಾಯಿತು. ತೋಜೋ ಕಾಲದಲ್ಲಿ ಇದು ಸಾಧ್ಯವಿತ್ತಾ?

ನೇತ್ರಾವತಿ

ಭೂಸುಧಾರಣೆ ವಿಷಯದಲ್ಲಿ ನೀವು ಸರಿ. ನಾನೂ ಅದನ್ನೇ ಎತ್ತಬೇಕೆಂದಿದ್ದೆ. ಆದರೆ ಮುಂದಿನ ಭಾಗ ಬಿಟ್ಟಿರಿ. ಜಮೀನು ಸಿಕ್ಕ ಆ ರೈತರೇ ಮುಂದೆ ದಶಕಗಟ್ಟಲೆ ಲಿಬರಲ್ ಡೆಮಾಕ್ರಟಿಕ್ ಪಕ್ಷದ ಗಟ್ಟಿ ಮತದಾರರಾದರು. ಅಕ್ಕಿಗೆ ಸರ್ಕಾರ ಒಳ್ಳೆಯ ಬೆಲೆ ಕೊಟ್ಟಿತು, ಊರಿಗೆ ರಸ್ತೆ ಬಂತು. ನಿಜವಾದ ಬದಲಾವಣೆಯೇ ಹಳಬರು ಉಳಿಯಲು ನೆಲ ಒದಗಿಸಿತು.

ಹಳೇ ಲೆಕ್ಕಪತ್ರ

1945ರ ನಂತರದ 'ಶುದ್ಧೀಕರಣ'ವನ್ನೂ ಲೆಕ್ಕ ಹಾಕಿ ನೋಡಿ. ಸುಮಾರು 2 ಲಕ್ಷ ಜನರನ್ನು ಸಾರ್ವಜನಿಕ ಹುದ್ದೆಗಳಿಂದ ತೆಗೆದರು. ಅವರಲ್ಲಿ ಬಹುಪಾಲು ಸೇನೆಯವರು. ಸರ್ಕಾರಿ ಅಧಿಕಾರಿಗಳು ಶೇ. 1ರ ಆಸುಪಾಸು ಮಾತ್ರ. ಯಾಕೆಂದರೆ ಅಮೆರಿಕನ್ನರಿಗೆ ಆಡಳಿತ ನಡೆಸಲು ಅವರೇ ಬೇಕಿತ್ತು. ಗೃಹ ಇಲಾಖೆಯನ್ನು 1947ರ ಕೊನೆಗೆ ಮುಚ್ಚಿದರು, ನಿಜ. ಹಣಕಾಸು ಇಲಾಖೆ ಅಲುಗಾಡಲಿಲ್ಲ. ಶೀತಲ ಸಮರ ಜೋರಾದಾಗ ತೆಗೆದವರನ್ನೂ ವಾಪಸ್ ಬಿಟ್ಟರು. ಹತೊಯಾಮಾ ಇಚಿರೊ 1946ರಲ್ಲಿ ಪ್ರಧಾನಿಯಾಗುವ ಹೊತ್ತಿಗೆ ಸರಿಯಾಗಿ ನಿಷೇಧಕ್ಕೆ ಒಳಗಾಗಿ, 1951ರಲ್ಲಿ ಮರಳಿ, 1954ರಲ್ಲಿ ಪ್ರಧಾನಿಯಾದರು. ಕಿಶಿ ಸುಗಾಮೊ ಜೈಲಿಂದ ಹೊರಬಂದದ್ದು 1948ರ ಡಿಸೆಂಬರ್ 24ರಂದು. ಹಿಂದಿನ ದಿನ ತೋಜೋಗೆ ಗಲ್ಲಾಗಿತ್ತು. ತೋಜೋ ಸಂಪುಟದ ಹಣಕಾಸು ಮಂತ್ರಿಯಾಗಿದ್ದ ಕಾಯಾ ಒಕಿನೊರಿಗೆ ಟೋಕಿಯೋ ಯುದ್ಧಾಪರಾಧ ವಿಚಾರಣೆಯಲ್ಲಿ ಜೀವಾವಧಿ ಶಿಕ್ಷೆಯಾಗಿತ್ತು. ಆತ 1963ರಲ್ಲಿ ನ್ಯಾಯಮಂತ್ರಿ! ನ್ಯಾಯ ಇಲಾಖೆಗೇ ಮಂತ್ರಿ. ಓದಿದಾಗ ನನಗೆ ಸಿಟ್ಟು ಬಂತು.

ಅರಳಿಕಟ್ಟೆ

ಚೋಶೂ ಅಂದರೆ ಈಗಿನ ಯಾಮಾಗುಚಿ ತಾನೇ? ಅಲ್ಲಿಂದ ಎಂಟು ಪ್ರಧಾನಿಗಳು ಅಂತ ಓದಿದ ನೆನಪು. ಇತೋ, ಯಾಮಾಗಾತಾ, ಕತ್ಸುರಾ, ತೆರಾಉಚಿ, ತನಾಕಾ ಗಿಇಚಿ, ಕಿಶಿ, ಅವರ ತಮ್ಮ ಸಾತೋ ಐಸಾಕು, ಆಮೇಲೆ ಕಿಶಿ ಮೊಮ್ಮಗ ಅಬೆ. ಎಂಟೂ ಯಾಮಾಗುಚಿಯಲ್ಲಿ ಹುಟ್ಟಿದವರೇ.

ಯೊಕೊಹಾಮಾ ಕನ್ನಡಿಗ

ಸಣ್ಣ ತಿದ್ದುಪಡಿ. ಅಬೆ ಹುಟ್ಟಿ ಬೆಳೆದದ್ದು ಟೋಕಿಯೋದಲ್ಲಿ, ಯಾಮಾಗುಚಿ ಅವರ ಕ್ಷೇತ್ರ. ಯಾಮಾಗುಚಿಯಲ್ಲಿ ಹುಟ್ಟಿದ ಇನ್ನೊಬ್ಬ ಪ್ರಧಾನಿ ಕಾನ್ ನಾವೊತೊ, ಅವರ ಕ್ಷೇತ್ರ ಟೋಕಿಯೋ. ಕಾನ್ ರಾಜಕೀಯ ಮನೆತನದವರಲ್ಲ, ನಾಗರಿಕ ಚಳವಳಿಯಿಂದ ಬಂದವರು.

2018ರಲ್ಲಿ ಅಬೆ ಸರ್ಕಾರ 'ಮೇಜಿ 150' ಅಂತ ಆಚರಿಸಿತು. ಅದೇ ವರ್ಷ ಐಜು ಪಟ್ಟಣದಲ್ಲಿ 'ಬೋಶಿನ್ 150' ಅಂತ ಬೋರ್ಡುಗಳು. ಬೋಶಿನ್ ಅಂದರೆ 1868ರಲ್ಲಿ ಐಜು ಸೋತ ಯುದ್ಧ. ಅವರಿಗೆ ಆಗ ಹಚ್ಚಿದ ಪಟ್ಟ 'ಆಸ್ಥಾನದ ಶತ್ರು'. ಯುದ್ಧದ ನಂತರ ಅಲ್ಲಿನ ಸಮುರಾಯ್ ಕುಟುಂಬಗಳನ್ನು ಉತ್ತರದ ತುದಿಯ ಬರಡು ನೆಲಕ್ಕೆ ಕಳಿಸಿದರು, ಹಸಿವಿನಿಂದ ಸತ್ತವರಿದ್ದಾರೆ. 1928ರಲ್ಲಿ ಐಜು ದೊರೆಯ ಮೊಮ್ಮಗಳು ಚಕ್ರವರ್ತಿಯ ತಮ್ಮನನ್ನು ಮದುವೆಯಾದಾಗ ಇಡೀ ಊರು ಸಂಭ್ರಮಿಸಿತು. ಒಂದೇ ಘಟನೆಗೆ ಎರಡು ಊರಿನಲ್ಲಿ ಎರಡು ಹೆಸರು ಇಂದಿಗೂ ಇದೆ.

ಕಾಫಿತೋಟ

ಈಚಿನವರಲ್ಲಿ ಸುಗಾ ಯೊಶಿಹಿದೆ ಇಲ್ಲವೇ? 2020ರಲ್ಲಿ ಪ್ರಧಾನಿ. ಅಕಿತಾದ ಸ್ಟ್ರಾಬೆರಿ ಬೆಳೆಗಾರನ ಮಗ. ಮನೆತನ ಇಲ್ಲದೆಯೂ ಆಗಬಹುದು ಅಂತಾಯ್ತಲ್ಲ.

ಕೊಡಚಾದ್ರಿ

ಅದೇ. ತನಾಕಾ ಕಾಕುಎಯಿ ಕೂಡ. ಕಾಲೇಜು ಮೆಟ್ಟಿಲು ಹತ್ತದವನು 1972ರಲ್ಲಿ ಪ್ರಧಾನಿಯಾದ.

ನೇತ್ರಾವತಿ

ತನಾಕಾ ನಂತರ ಅವರ ಮಗಳು ಮಾಕಿಕೊ ಸಂಸತ್ತಿಗೆ ಬಂದು ವಿದೇಶಾಂಗ ಮಂತ್ರಿಯಾದರು. ಸುಗಾ ಅವರನ್ನು ಕೂರಿಸಿದ್ದು ಪಕ್ಷದ ದೊಡ್ಡ ಬಣಗಳು ಒಟ್ಟಾಗಿ. ಅವರು ಪ್ರಧಾನಿಯಾಗಿದ್ದು ಸುಮಾರು ಒಂದು ವರ್ಷ. ಆ ಸಂಪುಟದಲ್ಲಿ ಉಪಪ್ರಧಾನಿ, ಹಣಕಾಸು ಮಂತ್ರಿ ಯಾರು ಗೊತ್ತಾ? ಆಸೋ ತಾರೊ.

ತುಂಗಾತೀರ

ಕೊಡಚಾದ್ರಿ ಅವರ ಆಕ್ಷೇಪ ಸರಿಯಾಗಿದೆ, ಬರೀ ವಂಶವೃಕ್ಷ ಸಾಲದು. ಯಾರಿಗೆ ಏನು ಕೈತಪ್ಪಿತು ಅಂತ ಹಳೇ ಲೆಕ್ಕಪತ್ರ ಅವರ ಹಾಗೆ ಪಟ್ಟಿ ಮಾಡುತ್ತಾ ಹೋಗುತ್ತೇನೆ. ಭೂಮಾಲೀಕರಿಗೆ ಜಮೀನು ಹೋಯಿತು, ಕುಲೀನರಿಗೆ ಪದವಿ ಹೋಯಿತು, ಸೇನಾಧಿಕಾರಿಗಳಿಗೆ ಎಲ್ಲವೂ ಹೋಯಿತು. ಇಲಾಖೆಗಳ ಅಧಿಕಾರಿಗಳ ಎದುರು ಏನು ಬರೆಯಬೇಕೋ ಇನ್ನೂ ಗೊತ್ತಾಗುತ್ತಿಲ್ಲ. ಯೊಕೊಹಾಮಾ ಅವರೇ, ಹಣಕಾಸು ಇಲಾಖೆಯಿಂದ ಸಂಸತ್ತಿಗೆ ಬಂದವರ ಬಗ್ಗೆ ನಿಮಗೆ ಗೊತ್ತಿರುವುದನ್ನು ಬರೆಯುತ್ತೀರಾ? ಇಕೇದಾ ಹಯಾತೊ ಅವರಿಂದ ಶುರು ಮಾಡಿದರೂ ಸಾಕು.

ಯೊಕೊಹಾಮಾ ಕನ್ನಡಿಗ

ಇಕೇದಾ ಹಣಕಾಸು ಇಲಾಖೆ, ಸಾತೋ ರೈಲ್ವೆ ಇಲಾಖೆ. ಇಬ್ಬರೂ 1949ರ ಚುನಾವಣೆಯಲ್ಲಿ ಯೊಶಿದಾ ಕರೆತಂದ ಅಧಿಕಾರಿಗಳು, ಇಬ್ಬರೂ ಪ್ರಧಾನಿಯಾದರು. ವಿಷಯ ದೊಡ್ಡದು. ಶನಿವಾರ ಕೂತು ಬರೆಯುತ್ತೇನೆ.